ತುಂಗೆಯ ಪಟ್ಟೆಮೀನು ರಾಯಚೂರಿನ ಬೇಸಿಗೆಯಲ್ಲಿ: ಎರಡು ಸತ್ತವು, ಆರನ್ನು ಉಳಿಸಿಕೊಳ್ಳುವುದು ಹೇಗೆ?

ಎಡೆದೊರೆ ಮೇಷ್ಟರು, ರಾಯಚೂರು
ಏಪ್ರಿಲ್ 19, ರಾತ್ರಿ 9:40

ಎಲ್ಲರಿಗೂ ನಮಸ್ಕಾರ. ನನ್ನ ಎಂಟು ಜೀಬ್ರಾ ಲೋಚ್ ಮೀನುಗಳಲ್ಲಿ ಎರಡು ನಿನ್ನೆ ಬೆಳಗಿನ ಜಾವ ಸತ್ತವು. ಉಳಿದ ಆರು ಮೇವು ಮುಟ್ಟುತ್ತಿಲ್ಲ. ಎಲ್ಲಿ ತಪ್ಪಿದೆ ಎಂದು ತಿಳಿಯದೆ ಒದ್ದಾಡುತ್ತಿದ್ದೇನೆ. ತಿಳಿದವರು ದಯವಿಟ್ಟು ಹೇಳಿ.

ಮೊದಲು ಮೀನಿನ ವಿಷಯ. ಇದು ಬೋಟಿಯಾ ಸ್ಟ್ರಿಯಾಟಾ. ಬೆರಳುದ್ದದ ಮೀನು. ಕಂದು ಮೈಯ ಮೇಲೆ ನೂಲೆಳೆಯಷ್ಟು ತೆಳುವಾದ ಹೊಂಬಣ್ಣದ ಪಟ್ಟೆಗಳು. ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಕಲಿಸುತ್ತಿದ್ದ ಸಿ.ಆರ್. ನಾರಾಯಣ ರಾವ್ ಅವರು ತೀರ್ಥಹಳ್ಳಿಯ ತುಂಗಾ ನದಿಯಲ್ಲಿ ಸಿಕ್ಕ ಮೀನನ್ನು ನೋಡಿ 1920ರಲ್ಲಿ ಇದಕ್ಕೆ ಹೆಸರಿಟ್ಟರು. ತೀರ್ಥಹಳ್ಳಿಯಲ್ಲಿ ಹರಿದ ನೀರೇ ಅಲ್ಲವೇ ಕೂಡಲಿಯಲ್ಲಿ ಭದ್ರೆಯನ್ನು ಸೇರಿ, ತುಂಗಭದ್ರಾ ಅಣೆಕಟ್ಟೆಗೆ ಬಂದು, ಎಡದಂಡೆ ಕಾಲುವೆ ಹಿಡಿದು ನಮ್ಮ ಜಿಲ್ಲೆಯ ಹೊಲಗಳಿಗೆ ಇಳಿಯುವುದು? ನಮ್ಮ ಹೊಳೆಯ ತಲೆಗಡೆಯ ಮೀನು ನಮ್ಮ ಮನೆಯಲ್ಲಿರಲಿ ಎಂಬ ಆಸೆಯಿಂದ ನವೆಂಬರ್‌ನಲ್ಲಿ ತಂದಿದ್ದೆ.

ತೊಟ್ಟಿ ನಾಲ್ಕು ಅಡಿ ಉದ್ದದ್ದು, ಸುಮಾರು 200 ಲೀಟರ್. ಎರಡು ಸ್ಪಾಂಜ್ ಫಿಲ್ಟರ್, ಒಂದು ಏರ್ ಪಂಪ್, ಕೆಳಗೆ ನುಣ್ಣನೆಯ ಮರಳು, ಅಡಗಿಕೊಳ್ಳಲು ಕಲ್ಲಿನ ಗೂಡುಗಳು. ಬೋರ್‌ವೆಲ್ ನೀರು ಸವುಳು, ಟಿಡಿಎಸ್ (ನೀರಿನಲ್ಲಿ ಕರಗಿದ ಲವಣದ ಅಳತೆ) 920 ಪಿಪಿಎಂ, ಅಂದರೆ ಲೀಟರಿಗೆ 920 ಮಿಲಿಗ್ರಾಂ. ಅದಕ್ಕೆ ಆರ್‌ಒ ಯಂತ್ರದಲ್ಲಿ ಸೋಸಿದ ನೀರು ಬೆರೆಸಿ 220ಕ್ಕೆ ತಂದು ತುಂಬಿದ್ದೆ. ಮಾರ್ಚ್ ಕೊನೆಯವರೆಗೆ ಎಂಟೂ ಮೇವು ತಿನ್ನುತ್ತಿದ್ದವು. ಬಿಸಿಲು ಏರಿದ ಮೇಲೆ ಏಪ್ರಿಲ್ 1ರಿಂದ ನೀರಿನ ಮೇಲೆ ಗಾಳಿ ಬೀಸುವಂತೆ ಸಣ್ಣ ಫ್ಯಾನ್ ಇಟ್ಟೆ. ದಿನಕ್ಕೆ ನಾಲ್ಕೈದು ಲೀಟರ್ ನೀರು ಆರುತ್ತಿತ್ತು, ಅಷ್ಟನ್ನು ಮತ್ತೆ ತುಂಬುತ್ತಿದ್ದೆ. ಹತ್ತನೆಯ ತರಗತಿಯ ಮೌಲ್ಯಮಾಪನದ ಕೆಲಸ ಬಿದ್ದಿದ್ದರಿಂದ ವಾರದ ನೀರು ಬದಲಾವಣೆ ಈ ತಿಂಗಳು ಮಾಡಲಾಗಲಿಲ್ಲ. 17ರ ರಾತ್ರಿ ನಾಲ್ಕು ತಾಸು ಕರೆಂಟ್ ಇರಲಿಲ್ಲ. ಬೆಳಿಗ್ಗೆ ಐದಕ್ಕೆ ಎದ್ದು ನೋಡಿದರೆ ಎರಡು ಹೋಗಿದ್ದವು, ಉಳಿದವು ನೀರಿನ ಮೇಲ್ಭಾಗಕ್ಕೆ ಬಂದು ಕಿವಿರು ಬಡಿಯುತ್ತಿದ್ದವು. ನೀರು ಬೆಳಿಗ್ಗೆ 30 ಡಿಗ್ರಿ, ಸಂಜೆ ನಾಲ್ಕಕ್ಕೆ 33. ಪಿಎಚ್ (ನೀರಿನ ಹುಳಿ-ಕ್ಷಾರದ ಅಳತೆ) 8.2.

ನನ್ನ ಮಗಳು ಪಟ್ಟೆ ನೋಡಿಯೇ ಪ್ರತಿಯೊಂದು ಮೀನನ್ನೂ ಗುರುತಿಸುತ್ತಾಳೆ. ಒಂದರ ಪಟ್ಟೆ ಕವಣೆಯಂತೆ ಕವಲೊಡೆದಿರುತ್ತದೆ, ಇನ್ನೊಂದರದು ಬಾಲದ ಬಳಿ ಮುರಿದಿರುತ್ತದೆ. ತಂದ ಹೊಸತರಲ್ಲಿ ಅವು ಒಂದು ಮಗ್ಗುಲಿಗೆ ಬಿದ್ದು ಮಲಗುವುದನ್ನು ಕಂಡು ಸತ್ತೇಹೋದವೆಂದು ಅತ್ತಿದ್ದಳು. ಅದು ಅವುಗಳ ನಿದ್ದೆ ಎಂದು ಆಗ ಸಮಾಧಾನ ಮಾಡಿದ್ದೆ. ನಿನ್ನೆಯೂ "ಮಲಗಿವೆ ಅಲ್ಲವಾ ಅಪ್ಪ" ಎಂದು ಕೇಳಿದಳು. ನನ್ನ ಬಾಯಿಂದ ಮಾತು ಹೊರಡಲಿಲ್ಲ.

ಭತ್ತದ ಸೀಮೆ, ಗಂಗಾವತಿ
ಏಪ್ರಿಲ್ 19, ರಾತ್ರಿ 10:05

ಓದಿ ಬಹಳ ಬೇಸರವಾಯಿತು ಸರ್. ಎರಡು ಪ್ರಶ್ನೆ. ಗೂಡು ಕಟ್ಟಿದ್ದು ಯಾವ ಕಲ್ಲಿನಿಂದ? ಏರ್ ಪಂಪ್ ಇರುವ ಕೋಣೆಯಲ್ಲಿ ಸೊಳ್ಳೆ ಔಷಧಿ ಹಾಕುತ್ತೀರಾ?

ಕೇಳಲು ಕಾರಣವಿದೆ. ನಮ್ಮ ಊರಿನಲ್ಲಿ ಗದ್ದೆ ನೀರಿನಿಂದಾಗಿ ಸೊಳ್ಳೆ ವಿಪರೀತ. ಮೂರು ವರ್ಷದ ಹಿಂದೆ ನನ್ನ ಹತ್ತು ಗಾಜುಮೀನುಗಳು ಒಂದೇ ರಾತ್ರಿ ಸತ್ತವು. ಬೆನ್ನುಮೂಳೆ ಹೊರಗೇ ಕಾಣುವ, ಬಲು ನಾಜೂಕಿನ ಮೀನು ಅದು. ಸೊಳ್ಳೆ ಓಡಿಸುವ ದ್ರವದ ಬಾಟಲಿಯನ್ನು ಏರ್ ಪಂಪಿನ ಪಕ್ಕದ ಪ್ಲಗ್ಗಿಗೇ ಸಿಕ್ಕಿಸಿದ್ದೆ. ಅದರಲ್ಲಿರುವ ಪೈರೆಥ್ರಾಯ್ಡ್ ನಮಗೆ ಅಷ್ಟಾಗಿ ತೊಂದರೆ ಕೊಡದಿದ್ದರೂ ಮೀನಿಗೆ ಘೋರ ವಿಷ. ಕೋಣೆಯ ಗಾಳಿಯನ್ನೇ ಎಳೆದುಕೊಂಡು ಪಂಪ್ ನೀರಿಗೆ ಊದುತ್ತದೆ. ಅಂದಿನಿಂದ ಆ ಕೋಣೆಯ ಬಾಗಿಲು ಕಿಟಕಿಗೆ ಜಾಲರಿ ಮಾತ್ರ.

ಎಡೆದೊರೆ ಮೇಷ್ಟರು, ರಾಯಚೂರು
ಏಪ್ರಿಲ್ 19, ರಾತ್ರಿ 10:20

ಸೊಳ್ಳೆ ಔಷಧಿ ಆ ಕೋಣೆಯಲ್ಲಿ ಇಲ್ಲ ಮೇಡಂ, ನಾವು ಸೊಳ್ಳೆ ಪರದೆ ಕಟ್ಟುತ್ತೇವೆ. ಕಲ್ಲು ಮನೆ ಕಟ್ಟುವಾಗ ಉಳಿದ ಶಹಾಬಾದ್ ಬಂಡೆಯ ತುಂಡುಗಳು. ಚಪ್ಪಟೆಯಾಗಿವೆ, ಒಂದರ ಮೇಲೊಂದು ಚೆನ್ನಾಗಿ ಕೂರುತ್ತವೆ ಎಂದು ಹಾಕಿದೆ.

ಮುನಿರಾಬಾದ್ ಹಿರಿಯ
ಏಪ್ರಿಲ್ 20, ಬೆಳಿಗ್ಗೆ 6:15

ಮೇಷ್ಟರೇ, ಕಲ್ಲಿನ ವಿಚಾರ ಆಮೇಲೆ ನೋಡೋಣ. ಇವತ್ತು ರಾತ್ರಿ ಉಳಿದ ಆರಕ್ಕೆ ಉಸಿರು ಸಿಗುವಂತೆ ಮಾಡಿ.

ನೀರು ಬಿಸಿಯಾದಷ್ಟೂ ಅದರಲ್ಲಿ ಕರಗುವ ಆಮ್ಲಜನಕ ಕಡಿಮೆ. 25 ಡಿಗ್ರಿಯಲ್ಲಿ ಲೀಟರಿಗೆ ಸುಮಾರು 8.2 ಮಿಲಿಗ್ರಾಂ ಹಿಡಿಯುವ ನೀರು 33 ಡಿಗ್ರಿಯಲ್ಲಿ 7.2ರ ಆಸುಪಾಸಿಗೆ ಇಳಿಯುತ್ತದೆ. ಇಳಿತ ಸಣ್ಣದೆಂದು ಕಾಣಬಹುದು. ಆದರೆ ಅದೇ ಬಿಸಿಗೆ ಮೀನಿನ ಮೈಯ ಬೇಡಿಕೆ ಏರಿರುತ್ತದೆ, ಫಿಲ್ಟರಿನಲ್ಲಿರುವ ಬ್ಯಾಕ್ಟೀರಿಯಾಗಳಿಗೂ ಆಮ್ಲಜನಕ ಬೇಕು, ರಾತ್ರಿ ಗಿಡಗಳೂ ಅದನ್ನೇ ಉಸಿರಾಡುತ್ತವೆ. ಬೆಳಗಿನ ಜಾವಕ್ಕೆ ತೊಟ್ಟಿಯಲ್ಲಿ ಆಮ್ಲಜನಕ ತಳ ಕಂಡಿರುತ್ತದೆ. ನಿಮ್ಮ ಮೀನು ಸತ್ತದ್ದು ಐದು ಗಂಟೆಯ ಹೊತ್ತಿಗೆ, ಅದೂ ಪಂಪ್ ನಿಂತ ರಾತ್ರಿ. ತುಂಗೆಯ ಕಲ್ಲುಗಳ ನಡುವೆ ನೊರೆಯಾಡುವ ತಂಪು ನೀರಿನಲ್ಲಿ ಬೆಳೆದ ಮೀನು ಅದನ್ನು ತಾಳಿಕೊಳ್ಳುವುದಿಲ್ಲ.

ಬ್ಯಾಟರಿಯ ಏರ್ ಪಂಪ್ ಇವತ್ತೇ ತನ್ನಿ. ಅದು ಕೈಗೆ ಬರುವವರೆಗೆ ಕರೆಂಟ್ ಹೋದರೆ ಚೊಂಬಿನಿಂದ ನೀರೆತ್ತಿ ಒಂದಡಿ ಮೇಲಿನಿಂದ ಮತ್ತೆ ತೊಟ್ಟಿಗೇ ಸುರಿಯಿರಿ, ಹತ್ತು ನಿಮಿಷಕ್ಕೊಮ್ಮೆ ಇಪ್ಪತ್ತು ಸಲ. 2019ರ ಮೇ ತಿಂಗಳಲ್ಲಿ ನಾನೂ ನನ್ನ ಹೆಂಡತಿಯೂ ಸರದಿಯ ಮೇಲೆ ಬೆಳತನಕ ಹೀಗೆ ಸುರಿದಿದ್ದೇವೆ. ಒಂದೂ ಸಾಯಲಿಲ್ಲ. ಮೇವು ಎರಡು ದಿನ ಪೂರ್ತಿ ನಿಲ್ಲಿಸಿ. ಉಪವಾಸದಿಂದ ಈ ಮೀನು ಸಾಯುವುದಿಲ್ಲ, ಕೊಳೆತ ಮೇವಿನಿಂದ ಸಾಯುತ್ತದೆ.

ಫ್ಯಾನ್ ಇಟ್ಟದ್ದು ಸರಿ. ನಮ್ಮ ಒಣ ಗಾಳಿಯಲ್ಲಿ ಅದು ಎರಡು ಮೂರು ಡಿಗ್ರಿ ಇಳಿಸುತ್ತದೆ. ತೊಟ್ಟಿಯ ಹಿಂಬದಿಗೂ ಎರಡು ಮಗ್ಗುಲಿಗೂ ಒದ್ದೆ ಗೋಣಿ ತಟ್ಟು ಕಟ್ಟಿ, ಅದರ ತುದಿ ಕೆಳಗಿನ ತಟ್ಟೆಯ ನೀರಿನಲ್ಲಿ ಅದ್ದಿರಲಿ. ಮಂಜುಗಡ್ಡೆ ಮಾತ್ರ ಬೇಡ. ಒಮ್ಮೆಲೇ ನಾಲ್ಕು ಡಿಗ್ರಿ ಇಳಿದು, ಎರಡು ತಾಸಿಗೆ ಮತ್ತೆ ಏರಿದರೆ ಬಿಸಿಗಿಂತ ಆ ಏರಿಳಿತವೇ ಕೊಲ್ಲುತ್ತದೆ. ತೊಟ್ಟಿ ಮಹಡಿಯ ಮೇಲಿದ್ದರೆ ಬರುವ ವರ್ಷವಾದರೂ ಕೆಳಮನೆಯ ಒಳಕೋಣೆಗೆ ತನ್ನಿ. ನನ್ನದು ಹಳೆಯ ಮಾಳಿಗೆ ಮನೆ, ಎರಡಡಿ ದಪ್ಪದ ಗೋಡೆ. ಹೊರಗೆ 42 ಇದ್ದಾಗಲೂ ಒಳಗಿನ ತೊಟ್ಟಿ 28 ದಾಟುವುದಿಲ್ಲ.

ರಸಾಯನ ಪಾಠ, ಬಳ್ಳಾರಿ
ಏಪ್ರಿಲ್ 20, ಬೆಳಿಗ್ಗೆ 8:50

ಹಿರಿಯರು ಹೇಳಿದ್ದು ಕೊನೆಯ ಏಟಿನ ಕಾರಣ. ಮೀನುಗಳು ಅದಕ್ಕೆ ಮೊದಲೇ ಸೋತಿದ್ದವು ಎಂದು ನನ್ನ ಅನುಮಾನ. ಮೇಷ್ಟರೇ, ಫ್ಯಾನಿಗೆ ಆರಿದ ನೀರಿನ ಬದಲು ಯಾವ ನೀರು ತುಂಬುತ್ತಿದ್ದಿರಿ? ತೊಟ್ಟಿಯ ಟಿಡಿಎಸ್ ಈಗ ಎಷ್ಟು?

ಎಡೆದೊರೆ ಮೇಷ್ಟರು, ರಾಯಚೂರು
ಏಪ್ರಿಲ್ 20, ಬೆಳಿಗ್ಗೆ 9:30

ಬೋರ್‌ವೆಲ್ ನೀರು ಮೇಡಂ. ದಿನಕ್ಕೆ ನಾಲ್ಕೈದು ಲೀಟರ್ ತಾನೇ ಎಂದುಕೊಂಡೆ. ಈಗ ಮೀಟರ್ ಅದ್ದಿ ನೋಡಿದೆ. 610 ತೋರಿಸುತ್ತಿದೆ. ನಂಬಲಾಗದೆ ಮೂರು ಸಲ ನೋಡಿದೆ.

ರಸಾಯನ ಪಾಠ, ಬಳ್ಳಾರಿ
ಏಪ್ರಿಲ್ 20, ಬೆಳಿಗ್ಗೆ 10:10

ಮೀಟರ್ ಸರಿಯಾಗಿಯೇ ಇದೆ, ಲೆಕ್ಕ ಹಾಕಿದರೂ ಅಷ್ಟೇ ಬರುತ್ತದೆ. ಆರಿಹೋಗುವುದು ನೀರು ಮಾತ್ರ, ಲವಣ ಅಲ್ಲಿಯೇ ಉಳಿಯುತ್ತದೆ. 920 ಪಿಪಿಎಂ ನೀರಿನ ಐದು ಲೀಟರಿನಲ್ಲಿ ನಾಲ್ಕೂವರೆ ಗ್ರಾಂಗಿಂತ ಹೆಚ್ಚು ಲವಣವಿದೆ. 200 ಲೀಟರ್ ತೊಟ್ಟಿಗೆ ಅದು ದಿನಕ್ಕೆ 23 ಪಿಪಿಎಂ ಆಯಿತು. ಹದಿನೇಳು ದಿನಕ್ಕೆ 391. ನಿಮ್ಮ ಮೊದಲಿನ 220ಕ್ಕೆ ಕೂಡಿಸಿ ನೋಡಿ. ತಂಪು ಮಾಡಲು ಇಟ್ಟ ಫ್ಯಾನ್ ತೊಟ್ಟಿಯನ್ನು ಉಪ್ಪಿನ ಮಡಿಯಂತೆ ಮಾಡಿಬಿಟ್ಟಿತು. ನಮ್ಮ ಕಡೆ ಬೇಸಿಗೆಯಲ್ಲಿ ಸೂಕ್ಷ್ಮ ಮೀನು ಸಾಯುವುದಕ್ಕೆ ಇದೇ ದೊಡ್ಡ ಕಾರಣ ಎಂದು ನಾನು ನಂಬಿದ್ದೇನೆ. ಎಲ್ಲರೂ ಬಿಸಿಲನ್ನು ದೂರುತ್ತಾರೆ, ದಿನದಿನದ ಆ ಐದು ಲೀಟರ್ ಯಾರ ಕಣ್ಣಿಗೂ ಬೀಳುವುದಿಲ್ಲ. ಆರಿದಷ್ಟು ನೀರನ್ನು ಶುದ್ಧ ಆರ್‌ಒ ನೀರಿನಿಂದಲೇ ತುಂಬಬೇಕು. ಬೆರಕೆ ನೀರು ವಾರದ ಬದಲಾವಣೆಗೆ ಮಾತ್ರ.

ಇನ್ನು ಶಹಾಬಾದ್ ಬಂಡೆ. ಅದು ಸುಣ್ಣಕಲ್ಲು. ಒಂದು ತುಂಡನ್ನು ಮೊಳೆಯಿಂದ ಕೆರೆದು ಅದರ ಮೇಲೆ ನಿಂಬೆರಸ ಹಿಂಡಿ, ಸಣ್ಣಗೆ ನೊರೆ ಏಳುತ್ತದೆ. ನೀರಿನಲ್ಲಿ ಅದು ನಿಧಾನಕ್ಕೆ ಕರಗುತ್ತಾ ಗಡಸುತನವನ್ನೂ ಪಿಎಚ್ ಅನ್ನೂ ಮೇಲೆ ಹಿಡಿದಿಡುತ್ತದೆ. ನೀವು ಎಷ್ಟೇ ಮೆದು ನೀರು ಹಾಕಿದರೂ ಕಲ್ಲು ಅದನ್ನು ಮತ್ತೆ ಗಡಸು ಮಾಡುತ್ತದೆ.

ಪಿಎಚ್ ಏರಿದರೆ ಆಗುವ ಅಪಾಯ ಬೇರೆಯೇ. ಮೀನಿನ ಹೊಲಸಿನಿಂದ ಬರುವ ಅಮೋನಿಯಾ ನೀರಿನಲ್ಲಿ ಎರಡು ರೂಪದಲ್ಲಿರುತ್ತದೆ, ಒಂದು ಬಹುಮಟ್ಟಿಗೆ ನಿರಪಾಯ, ಇನ್ನೊಂದು ವಿಷ. ಪಿಎಚ್ 7, ಉಷ್ಣತೆ 25 ಇದ್ದಾಗ ವಿಷದ ಪಾಲು ಇನ್ನೂರರಲ್ಲಿ ಒಂದು. ಪಿಎಚ್ 8.2, ಉಷ್ಣತೆ 32 ಆದಾಗ ಎಂಟರಲ್ಲಿ ಒಂದು. ಅದೇ ಹೊಲಸು, ಅದೇ ತೊಟ್ಟಿ, ವಿಷ ಮಾತ್ರ ಇಪ್ಪತ್ತು ಪಟ್ಟಿಗೂ ಹೆಚ್ಚು.

ಈಗ ಮಾಡಬೇಕಾದದ್ದು. ಕಲ್ಲನ್ನು ಒಂದೇ ದಿನ ಪೂರ್ತಿ ತೆಗೆಯಬೇಡಿ, ಮೀನಿಗೆ ಅಡಗಲು ಜಾಗ ಬೇಕು. ದಿನಕ್ಕೊಂದು ತೆಗೆದು ಅಲ್ಲಿ ಒಂದು ಮಣ್ಣಿನ ಕುಡಿಕೆ ಮಗುಚಿಡಿ. ದಿನಕ್ಕೆ 20 ಲೀಟರ್ ನೀರು ತೆಗೆದು, ಅಷ್ಟೇ ಆರ್‌ಒ ನೀರನ್ನು ಒಂದು ತಾಸಿನ ಅವಧಿಯಲ್ಲಿ ಸಣ್ಣ ಕೊಳವೆಯಿಂದ ಹನಿಹನಿಯಾಗಿ ಬಿಡಿ. ಹತ್ತು ದಿನದೊಳಗೆ 250ರ ಹತ್ತಿರ ಬರುತ್ತದೆ. ಅವಸರ ಮಾಡಿ ಒಂದೇ ದಿನ ಅರ್ಧ ತೊಟ್ಟಿ ಬದಲಿಸಿದರೆ ಉಳಿದ ಆರೂ ಹೋಗುತ್ತವೆ. ಉಪ್ಪಿಗೆ ಹೊಂದಿಕೊಂಡ ಮೈಗೆ ಸಿಹಿನೀರು ಒಮ್ಮೆಲೇ ನುಗ್ಗಿದರೆ ಅದನ್ನು ಹೊರಹಾಕಲು ಮೀನಿಗೆ ತ್ರಾಣ ಇರುವುದಿಲ್ಲ.

ಕುರಿಹಟ್ಟಿ ಹುಡುಗ, ಕುಷ್ಟಗಿ
ಏಪ್ರಿಲ್ 20, ಮಧ್ಯಾಹ್ನ 1:15

ಮೇಡಂ ಹೇಳಿದ ಮೇಲೆ ನನ್ನ ತೊಟ್ಟಿಯ ಕಲ್ಲಿಗೂ ನಿಂಬೆಹಣ್ಣು ಹಿಂಡಿದೆ. ನಮ್ಮ ಕಡೆಯ ಕೆಂಪು ಗ್ರಾನೈಟ್, ನೊರೆ ಬರಲಿಲ್ಲ. ಆದರೆ ಕ್ವಾರಿಯ ತುಂಡುಗಳ ಅಂಚು ಕತ್ತಿಯಂತಿರುತ್ತದೆ. ಲೋಚ್ ಮೂತಿಯ ಮೀಸೆಯಿಂದ ನೆಲ ತಡಕಾಡುವ ಮೀನು, ಮೀಸೆ ಸವೆದರೆ ಮೇವು ಹುಡುಕಲಾರದು. ಹಾಗಾಗಿ ಹೊಳೆಯಲ್ಲಿ ಉರುಳಿ ನುಣುಪಾದ ಗುಂಡುಕಲ್ಲೇ ಒಳ್ಳೆಯದು.

ಸರ್, ಇನ್ನೊಂದು ಮಾತು. ಸತ್ತ ಎರಡರ ಹೊಟ್ಟೆ ಬೆನ್ನಿಗೆ ಹತ್ತಿದಂತೆ ಇತ್ತೇ?

ಎಡೆದೊರೆ ಮೇಷ್ಟರು, ರಾಯಚೂರು
ಏಪ್ರಿಲ್ 20, ಮಧ್ಯಾಹ್ನ 2:00

ಒಂದರದು ಹಾಗೆಯೇ ಇತ್ತು. ಎರಡು ತಿಂಗಳಿಂದ ಎಲ್ಲರ ಜೊತೆ ತಿನ್ನುತ್ತಿತ್ತು, ಆದರೂ ತಲೆ ದೊಡ್ಡದಾಗಿ ಮೈ ಸೊರಗುತ್ತಿತ್ತು. ಇನ್ನೊಂದು ಗುಂಡುಗುಂಡಾಗಿತ್ತು.

ಕುರಿಹಟ್ಟಿ ಹುಡುಗ, ಕುಷ್ಟಗಿ
ಏಪ್ರಿಲ್ 20, ಮಧ್ಯಾಹ್ನ 2:40

ಹಾಗಾದರೆ ಅದಕ್ಕೆ ಹೊಟ್ಟೆಯಲ್ಲಿ ಜಂತುಹುಳು ಇದ್ದಿರಬೇಕು. ಹೊಳೆಯಿಂದ ಹಿಡಿದು ತಂದ ಲೋಚ್‌ಗಳಲ್ಲಿ ಇದು ಬಹಳ ಸಾಮಾನ್ಯ. ನಮ್ಮ ಮನೆಯಲ್ಲಿ ಕುರಿಗಳಿವೆ. ಕುರಿಗೆ ಕುಡಿಸುವ ಜಂತಿನ ಔಷಧಿಗಳಲ್ಲಿ ಲೆವಮಿಸೋಲ್ ಒಂದು, ಲೋಚ್ ಸಾಕುವವರು ಬಳಸುವುದೂ ಅದನ್ನೇ. ಲೀಟರ್ ನೀರಿಗೆ 2 ಮಿಲಿಗ್ರಾಂ, ದೀಪ ಆರಿಸಿ ಒಂದು ಹಗಲು ಒಂದು ರಾತ್ರಿ, ಆಮೇಲೆ ನೀರು ಬದಲಿಸಿ ಮರಳಿನ ಮೇಲಿನ ಹೊಲಸನ್ನು ಕೊಳವೆಯಿಂದ ಹೀರಿ ತೆಗೆಯುವುದು. ಎರಡು ಮೂರು ವಾರ ಬಿಟ್ಟು ಮತ್ತೊಮ್ಮೆ. ತೂಕ ಮಾಡುವಾಗ ಪಶುವೈದ್ಯರ ಸಹಾಯ ಪಡೆಯಿರಿ. ಕುರಿಯ ಅಳತೆಯ ಔಷಧಿ ಮೀನಿಗೆ ಬಹಳ ಗಟ್ಟಿ, ಜೊತೆಗೆ ಬೇರೆ ಔಷಧಿ ಬೆರೆತ ಬಾಟಲಿ ಆಗಬಾರದು.

ಮುನಿರಾಬಾದ್ ಹಿರಿಯ
ಏಪ್ರಿಲ್ 20, ಸಂಜೆ 5:30

ಹುಡುಗ ಸರಿಯಾಗಿ ಹೇಳಿದ್ದಾನೆ. ಆದರೆ ಈಗಲ್ಲ ಮೇಷ್ಟರೇ. ಉಸಿರಿಗೇ ಒದ್ದಾಡುವ ಮೀನಿಗೆ ಔಷಧಿ ಹಾಕಬೇಡಿ. ನೀರು ಸರಿಯಾಗಿ, ಮೇವು ತಿನ್ನತೊಡಗಿ, ಹದಿನೈದು ದಿನ ಕಳೆದ ಮೇಲೆ ನೋಡಿ. ಬಿಳಿಚುಕ್ಕೆ ರೋಗ ಬಂತೆಂದು ತಾಮ್ರದ ಔಷಧಿಯನ್ನೋ ಹಸಿರು ಬಣ್ಣದ ಔಷಧಿಯನ್ನೋ ಬಾಟಲಿಯ ಮೇಲಿನ ಅಳತೆಯಲ್ಲಿ ಸುರಿಯುವವರೂ ಇದ್ದಾರೆ. ಈ ಮೀನಿನ ಹುರುಪೆ ಬಲು ಸಣ್ಣ, ಬರಿಮೈ ಇದ್ದಂತೆ. ಅರ್ಧ ಅಳತೆಯಲ್ಲಿಯೇ ಶುರು ಮಾಡಬೇಕು.

ಗಾಜಿನ ಮನೆ, ಬಳ್ಳಾರಿ
ಏಪ್ರಿಲ್ 20, ರಾತ್ರಿ 9:10

ನಾನು ಅಕ್ವೇರಿಯಂ ಅಂಗಡಿ ನಡೆಸುವವನು. ಜೀಬ್ರಾ ಲೋಚ್ ವ್ಯಾಪಾರದ ವಿಷಯವನ್ನು ಮುಚ್ಚುಮರೆಯಿಲ್ಲದೆ ಹೇಳುತ್ತೇನೆ.

ಗಪ್ಪಿ, ಮಾಲಿ, ಏಂಜೆಲ್ ಎಲ್ಲ ತೊಟ್ಟಿಯಲ್ಲೇ ಹುಟ್ಟಿ ಬೆಳೆದವು. ಲೋಚ್ ಹಾಗಲ್ಲ. ಮನೆಯ ತೊಟ್ಟಿಯಲ್ಲಿ ಅದು ಮರಿ ಮಾಡುವುದೇ ಇಲ್ಲವೆನ್ನಬಹುದು. ಫಾರ್ಮಿನಲ್ಲಿ ಮಾಡಿಸಬೇಕಾದರೆ ಹಾರ್ಮೋನ್ ಚುಚ್ಚುಮದ್ದು ಬೇಕು. ಹಾಗಾಗಿ ನಮ್ಮ ಕೈಗೆ ಬರುವವು ಹೆಚ್ಚಾಗಿ ಹೊಳೆಯಿಂದ ಹಿಡಿದವೇ. ಹಿಡಿದವನ ಬುಟ್ಟಿ, ದಲ್ಲಾಳಿಯ ತೊಟ್ಟಿ, ಪ್ಲಾಸ್ಟಿಕ್ ಚೀಲ, ರಾತ್ರಿ ಬಸ್ಸಿನ ಡಿಕ್ಕಿ, ಕೊನೆಗೆ ನಮ್ಮ ಬೋರ್‌ವೆಲ್ ನೀರು. ಇಷ್ಟು ದಾಟಿ ಬಂದ ಮೀನು ಅಂಗಡಿಯ ಗಾಜಿನೊಳಗೆ ಹೊಳೆಯುತ್ತಿದ್ದರೂ ಒಳಗೆ ಬಳಲಿರುತ್ತದೆ. ನಾನು ಬಂದ ದಿನವೇ ಮಾರುವುದಿಲ್ಲ. ಮೂರು ವಾರ ಬೇರೆ ತೊಟ್ಟಿಯಲ್ಲಿಟ್ಟು, ಹೊಟ್ಟೆ ತುಂಬಿದ ಮೇಲೆ ಕೊಡುತ್ತೇನೆ. ಕೊಳ್ಳುವವರು ಕಣ್ಣಿನ ಹಿಂದಿನ ಭಾಗ ನೋಡಬೇಕು. ಅಲ್ಲಿ ಗುಳಿ ಬಿದ್ದಿದ್ದರೆ ಎಷ್ಟು ಅಗ್ಗವಾದರೂ ಬೇಡ.

ಹಿಡಿಯುವಾಗ ಬಲೆ ಹಾಕಬೇಡಿ. ಲೋಚ್‌ಗೆ ಕಣ್ಣಿನ ಕೆಳಗೆ ಒಂದು ಮಡಚುವ ಮುಳ್ಳಿದೆ. ಹೆದರಿದ ತಕ್ಷಣ ಅದನ್ನು ಬಿಚ್ಚುತ್ತದೆ, ಬಲೆಯ ದಾರಕ್ಕೆ ಸಿಕ್ಕಿಕೊಳ್ಳುತ್ತದೆ, ಎಳೆದರೆ ಮುಖವೇ ಹರಿಯುತ್ತದೆ. ಮೊದಮೊದಲು ನಾನು ಬಲೆಯನ್ನೇ ಕತ್ತರಿಸಿ ಬಿಡಿಸಿದ್ದೇನೆ. ಈಗ ಸ್ಟೀಲ್ ಬಟ್ಟಲನ್ನು ನೀರಿನೊಳಗೆ ಓರೆಯಾಗಿ ಹಿಡಿದು, ಇನ್ನೊಂದು ಕೈಯಿಂದ ಮೆಲ್ಲಗೆ ಅದರೊಳಗೆ ಸರಿಸಿ, ನೀರಿನ ಸಮೇತ ಎತ್ತುತ್ತೇನೆ.

ಕಾಲುವೆ ದಂಡೆ, ಸಿಂಧನೂರು
ಏಪ್ರಿಲ್ 21, ಬೆಳಿಗ್ಗೆ 7:00

ನನ್ನ ಮಾತು ಹಲವರಿಗೆ ರುಚಿಸಲಿಕ್ಕಿಲ್ಲ. ಆದರೂ ಹೇಳದೆ ಇರಲಾರೆ.

ಈ ಮೀನು ಅಂತರರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಒಕ್ಕೂಟದ (ಐಯುಸಿಎನ್) ಕೆಂಪು ಪಟ್ಟಿಯಲ್ಲಿ ಅಪಾಯದಲ್ಲಿರುವ ಜೀವಿಗಳ ಸಾಲಿನಲ್ಲಿದೆ. ಪಶ್ಚಿಮ ಘಟ್ಟದ, ಕೃಷ್ಣಾ ಕೊಳ್ಳದ ಕೆಲವೇ ಹೊಳೆಗಳಲ್ಲಿ ಬಿಟ್ಟರೆ ಬೇರೆಲ್ಲೂ ಇಲ್ಲ. ಅಂಗಡಿಯವರೇ ಹೇಳಿದ್ದಾರೆ, ಹೊಳೆಯಿಂದ ಹಿಡಿದದ್ದು ಎಂದು. ಹಾಗಿರುವಾಗ 43 ಡಿಗ್ರಿಯ ಊರಿನಲ್ಲಿ, ಸವುಳು ನೀರಿನಲ್ಲಿ, ಕರೆಂಟ್ ಹೋಗುವ ಮನೆಯಲ್ಲಿ ಅದನ್ನು ಸಾಕುವ ಹಟ ಯಾಕೆ? ಮೇಷ್ಟರಿಗೆ ನೋವಾಗಿದೆ, ಅದು ನಿಜವಾದ ನೋವೇ. ಆದರೆ ತುಂಗೆಯಲ್ಲಿದ್ದಿದ್ದರೆ ಆ ಎರಡು ಸಾಯುತ್ತಿರಲಿಲ್ಲ.

ನೀರಿನ ಲೆಕ್ಕವನ್ನೂ ನೋಡಿ. ಹತ್ತು ದಿನಕ್ಕೆ 200 ಲೀಟರ್ ಆರ್‌ಒ ನೀರು ಬೇಕಾದರೆ ಮನೆಯ ಯಂತ್ರ ಅದರ ಎರಡು ಮೂರು ಪಟ್ಟು ಹೊರಗೆ ಬಿಡುತ್ತದೆ. ಕಾಲುವೆ ನೀರು ನಿಂತಿದೆ. ನಮ್ಮ ಓಣಿಯಲ್ಲಿ ಹೆಣ್ಣುಮಕ್ಕಳು ಟ್ಯಾಂಕರ್ ಮುಂದೆ ಕೊಡ ಸಾಲಿಟ್ಟು ಕಾಯುತ್ತಾರೆ.

ಎಡೆದೊರೆ ಮೇಷ್ಟರು, ರಾಯಚೂರು
ಏಪ್ರಿಲ್ 21, ರಾತ್ರಿ 8:30

ನಿಮ್ಮ ಮಾತು ಚುಚ್ಚಿತು. ದಿನವಿಡೀ ಅದನ್ನೇ ಯೋಚಿಸಿದೆ. ತರುವಾಗ ಅದು ತುಂಗೆಯ ಮೀನು ಎಂದು ಹೆಮ್ಮೆಪಟ್ಟೆನೇ ಹೊರತು, ತುಂಗೆಯಿಂದ ಎಂಟು ಕಡಿಮೆಯಾದವು ಎಂದು ಒಮ್ಮೆಯೂ ಹೊಳೆಯಲಿಲ್ಲ. ಸತ್ತ ಎರಡರ ಬದಲು ಹೊಸದನ್ನು ತರುವುದಿಲ್ಲ. ಆದರೆ ಆರು ನನ್ನ ಮನೆಯಲ್ಲಿವೆ, ಅವುಗಳ ಹೊಣೆಯನ್ನು ಈಗ ಕೈಬಿಡಲಾರೆ.

ನೀರಿನ ಬಗ್ಗೆ ಒಂದು ಏರ್ಪಾಡು ಮಾಡಿದೆ. ಯಂತ್ರದಿಂದ ಹೊರಬೀಳುವ ನೀರನ್ನು ಎರಡು ಕೊಡಗಳಲ್ಲಿ ಹಿಡಿದು ಪಾತ್ರೆ ತೊಳೆಯಲು, ನೆಲ ಒರೆಸಲು ಬಳಸುತ್ತಿದ್ದೇವೆ. ಗಿಡಕ್ಕೆ ಹಾಕುತ್ತಿಲ್ಲ, ಅದು ಬೋರ್‌ವೆಲ್ ನೀರಿಗಿಂತಲೂ ಸವುಳು. ತೊಟ್ಟಿಯಿಂದ ತೆಗೆದ 20 ಲೀಟರ್ ನಮ್ಮ ತೆಂಗಿನ ಗಿಡಕ್ಕೆ ಹೋಗುತ್ತದೆ.

ಹೊಸಬ, ಕಾರಟಗಿ
ಏಪ್ರಿಲ್ 21, ರಾತ್ರಿ 9:00

ಹಾಗಿದ್ದರೆ ಉಳಿದ ಆರನ್ನು ಮುನಿರಾಬಾದಿನ ಬಳಿ ಹೊಳೆಗೆ ಬಿಟ್ಟುಬಿಡಬಹುದಲ್ಲ? ಅದೂ ತುಂಗಭದ್ರೆಯೇ ತಾನೇ?

ಮುನಿರಾಬಾದ್ ಹಿರಿಯ
ಏಪ್ರಿಲ್ 22, ಬೆಳಿಗ್ಗೆ 6:05

ಬೇಡಪ್ಪ, ಬಿಲ್‌ಕುಲ್ ಬೇಡ. ಒಳ್ಳೆಯ ಮನಸ್ಸಿನಿಂದ ಕೇಳಿದ್ದೀಯ, ಅದಕ್ಕೇ ಬಿಡಿಸಿ ಹೇಳುತ್ತೇನೆ.

ಹೊಳೆ ಒಂದೇ ಆದರೂ ಮೀನಿನ ಮನೆ ಒಂದೇ ಅಲ್ಲ. ತೀರ್ಥಹಳ್ಳಿಯ ಕಾಡಿನ ನೆರಳಿನ ತಂಪು ನೀರೇ ಬೇರೆ, ಅಣೆಕಟ್ಟೆಯ ಕೆಳಗೆ ಬಂಡೆಗಳ ನಡುವೆ ಕಾದು ನಿಂತ ಬೇಸಿಗೆಯ ಮಡುವೇ ಬೇರೆ. ಇಲ್ಲಿ ಬಿಟ್ಟರೆ ಅವು ಬದುಕುವುದಿಲ್ಲ. ಎರಡನೆಯದು, ಅಂಗಡಿಯ ತೊಟ್ಟಿಯಲ್ಲಿ ಹೊರದೇಶದ ಹತ್ತಾರು ಮೀನುಗಳ ಜೊತೆ ನೀರು ಹಂಚಿಕೊಂಡ ಮೀನು ಯಾವ ಹುಳು, ಯಾವ ರೋಗ ಹೊತ್ತಿದೆಯೋ ಬಲ್ಲವರಿಲ್ಲ. ಅಣೆಕಟ್ಟೆಯ ಕೆಳಗಿನಿಂದ ಕಂಪ್ಲಿಯವರೆಗೆ 34 ಕಿಲೋಮೀಟರ್ ಹೊಳೆಯನ್ನು 2015ರಲ್ಲಿ ನೀರುನಾಯಿ ಸಂರಕ್ಷಣಾ ಮೀಸಲು ಎಂದು ಘೋಷಿಸಿದ್ದಾರೆ. ಬೆಳಿಗ್ಗೆ ದಂಡೆಗೆ ಹೋದರೆ ಬಂಡೆಯ ಮೇಲೆ ನೀರುನಾಯಿಯ ಹಿಕ್ಕೆ ಕಾಣುತ್ತದೆ, ಒಣಗಿದ ಹಿಕ್ಕೆಯೊಳಗೆ ಮೀನಿನ ಹುರುಪೆ ಮಿಂಚುತ್ತಿರುತ್ತದೆ. ಆ ಹೊಳೆಗೆ ನಮ್ಮ ತೊಟ್ಟಿಯ ರೋಗ ಹೋಗಬಾರದು.

ಮೂರನೆಯದು ನನಗೆ ಬಹಳ ಸಿಟ್ಟು ಬರಿಸುವ ವಿಷಯ. ಗಾಜು ನೆಕ್ಕಿ ಸ್ವಚ್ಛ ಮಾಡುತ್ತದೆಂದು ಸಕ್ಕರ್ ಮೀನು ತರುತ್ತಾರೆ. ಒಂದಡಿ ಬೆಳೆದ ಮೇಲೆ ಪಾಪವೆಂದು ಕೆರೆಗೆ ಬಿಡುತ್ತಾರೆ. ಪಕ್ಕದ ಆಂಧ್ರದಲ್ಲಿ ಅದನ್ನೇ ದೆವ್ವದ ಮೀನು ಎನ್ನುತ್ತಾರೆ. ಮುಳ್ಳುಮೈಯಿಂದ ಮೀನುಗಾರರ ಬಲೆ ಹರಿಯುತ್ತದೆ, ಕೆರೆಯ ದಂಡೆ ಕೊರೆದು ಗೂಡು ಮಾಡುತ್ತದೆ, ತಿನ್ನಲು ಯಾರೂ ಕೊಳ್ಳುವುದಿಲ್ಲ. ತಂದ ಮೀನನ್ನು ಸಾಕಲಾಗದಿದ್ದರೆ ಅಂಗಡಿಗೆ ಹಿಂತಿರುಗಿಸಿ, ಇಲ್ಲವೇ ಸಾಕುವವರಿಗೆ ಕೊಡಿ. ಹೊಳೆಗೆ ಮಾತ್ರ ಬಿಡಬೇಡಿ.

ಕಾಲುವೆ ದಂಡೆ, ಸಿಂಧನೂರು
ಏಪ್ರಿಲ್ 22, ಬೆಳಿಗ್ಗೆ 7:20

ಹಿರಿಯರು ಹೇಳಿದ್ದನ್ನು ಪೂರ್ತಿ ಒಪ್ಪುತ್ತೇನೆ. ಮೇಷ್ಟರೇ, ನಿಮ್ಮ ಉತ್ತರಕ್ಕೆ ವಂದನೆ. ನಮ್ಮ ಮನೆಯಲ್ಲಿ ಮಳೆನೀರಿನ ತೊಟ್ಟಿ ಇದೆ. ಒಂದು ಚದರ ಮೀಟರ್ ಮಾಳಿಗೆಯ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್. ನಿಮ್ಮ ಮಾಳಿಗೆಯ ಲೆಕ್ಕ ಹಾಕಿಕೊಳ್ಳಿ, ಜೂನ್ ನಂತರ ಆರ್‌ಒ ಬೇಕಾಗುವುದಿಲ್ಲ. ಮೊದಲ ಮಳೆ ದೂಳು, ಹಕ್ಕಿಯ ಹಿಕ್ಕೆ ತೊಳೆದುಕೊಂಡು ಹೋಗಲಿ, ಅದನ್ನು ಹಿಡಿಯಬೇಡಿ.

ಭತ್ತದ ಸೀಮೆ, ಗಂಗಾವತಿ
ಏಪ್ರಿಲ್ 22, ಬೆಳಿಗ್ಗೆ 11:45

ಪಕ್ಕದಲ್ಲಿ ಹೊಲಗದ್ದೆ ಇದ್ದವರು ಔಷಧಿ ಹೊಡೆಯುವ ದಿನಗಳ ಮಳೆನೀರನ್ನೂ ಬಿಟ್ಟುಬಿಡಿ. ಹಾಗೆಯೇ ರಸ್ತೆ ಬದಿಯ ಕಾಡುಬಾದಾಮಿ ಮರದ ಎಲೆ, ತಾನಾಗಿ ಉದುರಿ ಕಂದು ಬಣ್ಣಕ್ಕೆ ತಿರುಗಿದ್ದು, ತೊಳೆದು ಒಂದೆರಡು ಹಾಕಿ ಸರ್. ನೀರಿಗೆ ಚಹಾ ಬಣ್ಣ ಬರುತ್ತದೆ, ಮೀನಿನ ಅಂಜಿಕೆ ಇಳಿಯುತ್ತದೆ. ಲೋಚ್ ಆ ಎಲೆಯ ಕೆಳಗೆ ಸಾಲಾಗಿ ಮಲಗುವುದನ್ನು ನೋಡಬೇಕು ನೀವು.

ಗಾಜಿನ ಮನೆ, ಬಳ್ಳಾರಿ
ಏಪ್ರಿಲ್ 22, ರಾತ್ರಿ 10:00

ಸಿಂಧನೂರಿನವರ ಮಾತು ನನಗೂ ತಟ್ಟಿತು. ಇನ್ನು ಮುಂದೆ ಬೇಸಿಗೆಯಲ್ಲಿ ಲೋಚ್ ತರಿಸುವುದಿಲ್ಲ. ಉಳಿದ ತಿಂಗಳಲ್ಲಿಯೂ, ತೊಟ್ಟಿಯ ನೀರಿನ ಮಾದರಿ ತಂದು ತೋರಿಸಿದವರಿಗೆ ಮಾತ್ರ. ಮಿಸ್ ಕೇರಳ ಮೀನಿಗೂ ಇದೇ ಮಾತು. ಅದೂ ಘಟ್ಟದ ಹೊಳೆಯದ್ದು, ಅದೂ ಕೆಂಪು ಪಟ್ಟಿಯಲ್ಲಿದೆ. ಫಾರ್ಮಿನಲ್ಲಿ ಹುಟ್ಟಿದ್ದೆಂದು ಖಾತ್ರಿಯಾದರೆ ಮಾತ್ರ ತರುತ್ತೇನೆ.

ಎಡೆದೊರೆ ಮೇಷ್ಟರು, ರಾಯಚೂರು
ಮೇ 2, ರಾತ್ರಿ 9:15

ಟಿಡಿಎಸ್ 255. ಪಿಎಚ್ 7.4. ಸಂಜೆಯ ಉಷ್ಣತೆ 29. ಆರೂ ಇವೆ. ಶಹಾಬಾದ್ ಬಂಡೆ ಹೋಗಿ ಮಣ್ಣಿನ ಕುಡಿಕೆಗಳು ಬಂದಿವೆ. ನಡುವೆ ಎರಡು ರಾತ್ರಿ ಕರೆಂಟ್ ಹೋಗಿತ್ತು, ಬ್ಯಾಟರಿ ಪಂಪ್ ನಡೆಯಿತು. ಇವತ್ತು ಮೊದಲ ಸಲ ಸೊಳ್ಳೆಮರಿ ಹಾಕಿದೆ, ನಾಲ್ಕು ಮೀನು ತಿಂದವು.

ಎಡೆದೊರೆ ಮೇಷ್ಟರು, ರಾಯಚೂರು
ಜೂನ್ 13, ರಾತ್ರಿ 10:30

ಬಹಳ ದಿನದ ಮೇಲೆ ಬರೆಯುತ್ತಿದ್ದೇನೆ. ಮೇ ತಿಂಗಳ ಮಧ್ಯದಲ್ಲಿ ಪಶುವೈದ್ಯರಿಂದ ತೂಕ ಮಾಡಿಸಿ ಲೆವಮಿಸೋಲ್ ಕೊಟ್ಟೆ, ಮೊನ್ನೆ ಎರಡನೆಯ ಸುತ್ತೂ ಮುಗಿಯಿತು. ಸೊರಗಿದ್ದ ಒಂದು ಮೀನಿಗೆ ಈಗ ಹೊಟ್ಟೆ ಬಂದಿದೆ.

ಕಳೆದ ವಾರದ ಮೊದಲ ಮಳೆಯನ್ನು ಹರಿಯಲು ಬಿಟ್ಟೆ. ನಿನ್ನೆ ರಾತ್ರಿ ಎರಡನೆಯದು ಬಂತು. ನಮ್ಮ ಮಾಳಿಗೆ ಮೂವತ್ತಡಿಗೆ ಇಪ್ಪತ್ತಡಿ. ಕೊಳವೆಯ ಬಾಯಿಗೆ ಬಿಳಿ ಪಂಚೆಯ ತುಂಡು ಕಟ್ಟಿ ಡ್ರಮ್ ಇಟ್ಟೆವು, ಅರ್ಧ ತಾಸಿನೊಳಗೆ 200 ಲೀಟರ್ ತುಂಬಿತು. ಮಗಳು ಮೀಟರ್ ಅದ್ದಿ ಓದಿದಳು: 25. ರಸಾಯನ ಮೇಡಂ ಅವರ ಲೆಕ್ಕದ ದಾರಿಯಲ್ಲೇ ನಾವಿಬ್ಬರೂ ಕೂತು ಲೆಕ್ಕ ಹಾಕಿದೆವು. 40 ಲೀಟರ್ ಬೆರಕೆ ನೀರು 200 ಪಿಪಿಎಂಗೆ ಬರಬೇಕಾದರೆ 32 ಲೀಟರ್ ಮಳೆನೀರು, 8 ಲೀಟರ್ ಬೋರ್‌ವೆಲ್ ನೀರು. ಬೆರೆಸಿ ಅದ್ದಿದಾಗ 203 ತೋರಿಸಿತು.

ಇವತ್ತು ಸಂಜೆ ಆ ನೀರನ್ನು ಹನಿಹನಿಯಾಗಿ ಬಿಟ್ಟು, ದೀಪ ಆರಿಸಿ, ಕೆರೆಯಿಂದ ತಂದ ಹತ್ತು ಬಸವನಹುಳುಗಳನ್ನು ಹಾಕಿದೆ. ಹುಳುಗಳನ್ನು ಎರಡು ವಾರ ಬೇರೆ ಪಾತ್ರೆಯಲ್ಲಿ ಇಟ್ಟಿದ್ದೆ. ಕತ್ತಲಲ್ಲಿ ಗಾಜಿಗೆ ಕಿವಿ ಹಚ್ಚಿ ಕೂತಿದ್ದ ಮಗಳು ಕರೆದಳು. ಲೋಚ್ ಮೇವು ತಿನ್ನುವಾಗ ಉಗುರಿನಿಂದ ಗಾಜು ತಟ್ಟಿದಂತೆ ಟಿಕ್ ಟಿಕ್ ಎಂದು ಸದ್ದು ಮಾಡುತ್ತದೆ. ಏಪ್ರಿಲ್‌ನಿಂದ ಆ ಸದ್ದು ನಿಂತಿತ್ತು. ಈಗಲೂ, ಇದನ್ನು ಬರೆಯುತ್ತಿರುವಾಗ, ಪಕ್ಕದ ಕೋಣೆಯಿಂದ ಕೇಳುತ್ತಿದೆ.

ಮುನಿರಾಬಾದ್ ಹಿರಿಯ
ಜೂನ್ 14, ಬೆಳಿಗ್ಗೆ 6:00

ಡ್ರಮ್ಮಿಗೆ ಬಿಗಿಯಾಗಿ ಮುಚ್ಚಳ ಹಾಕಿ ಮೇಷ್ಟರೇ, ಸೊಳ್ಳೆ ಮೊಟ್ಟೆಯಿಡುತ್ತದೆ. ಸೊಳ್ಳೆಮರಿಗೆ ಬೇರೆ ಸಣ್ಣ ಬಕೆಟ್ ಇಟ್ಟು, ಮೂರು ದಿನಕ್ಕೊಮ್ಮೆ ತಪ್ಪದೆ ಸೋಸಿ ಮೀನಿಗೆ ಹಾಕಿ.